ಗದ್ದ್ಯಾಗ ಇಳದ್ರ ಕಾಲ್ಯಾಕ ಕಡಿತಾವ?

ಹಾನಗಲ್ಲ, ಕಲಘಟಗಿ ಕಡೆಯ ಭತ್ತದ ಗದ್ದೆಗಳಲ್ಲಿ ನೀರು ನಿಂತು ಕಸ ತೆಗೆಯುವ ಕೆಲಸ ಶುರುವಾದರೆ ಈ ಮಾತು ಕಿವಿಗೆ ಬೀಳುತ್ತದೆ: “ಇಳದು ಹತ್ತು ನಿಮಿಷ ಆಗಿಲ್ಲ, ಮಣಕಾಲ ತನಕಾ ಕಡಿಯಾಕ ಹತ್ತೇತಿ ನೋಡ್ರಿ.” ಯಾಕೆ ಎಂದು ಕೇಳಿದರೆ ಒಬ್ಬರು ಯೂರಿಯಾ ಅನ್ನುತ್ತಾರೆ, ಒಬ್ಬರು ಮೈಯ ಉಷ್ಣ ಅನ್ನುತ್ತಾರೆ, ಇನ್ನೊಬ್ಬರು “ನೀರ ಕೆಟ್ಟಾವ” ಎಂದು ಮುಗಿಸುತ್ತಾರೆ. ನೀರು ಕೆಟ್ಟಿರುವುದು ನಿಜವೇ. ಆದರೆ ಹೊಲಸಾದ ಮಾತ್ರಕ್ಕೆ ಕೆಟ್ಟಿದ್ದಲ್ಲ. ನೋಡಲು ತಿಳಿಯಾಗಿರುವ, ಮೀನು ಆಡುವ ನೀರಿನಲ್ಲೂ ಈ ಕಡಿತ ಬರುತ್ತದೆ. ಬಹಳ ಸಲ ಅದಕ್ಕೆ ಕಾರಣ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಒಂದು ಮರಿಹುಳು. ಅದು ನಮ್ಮನ್ನು ಹುಡುಕಿಕೊಂಡು ಬಂದದ್ದೂ ಅಲ್ಲ. ಬಾತುಕೋಳಿಯನ್ನೋ ಆಕಳನ್ನೋ ಹುಡುಕುತ್ತ ಹೊರಟಿದ್ದು ತಪ್ಪಿ ನಮ್ಮ ಕಾಲಿಗೆ ಹತ್ತಿರುತ್ತದೆ.

ಈ ಹುಳುಗಳ ಕುಲಕ್ಕೆ ಶಿಸ್ಟೋಸೋಮ್ ಎಂದು ಹೆಸರು. ಚಪ್ಪಟೆ ಹುಳುಗಳ ಜಾತಿಯವಾದರೂ ಇವುಗಳ ಬದುಕು ಬೇರೆ ಥರ. ಕುರಿಯ ಯಕೃತ್ತಿನಲ್ಲಿ ಸಿಗುವ ಎಲೆಯಂಥ ಹುಳುವಿನಂತೆ ಇವು ಅಗಲವಾಗಿರುವುದಿಲ್ಲ, ದಾರದ ಎಳೆಯಂತೆ ತೆಳ್ಳಗಿರುತ್ತವೆ. ಯಕೃತ್ತಿನ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿದ್ದರೆ ಇವುಗಳಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ದನಗಳಲ್ಲಿರುವ ಜಾತಿಗಳಲ್ಲಿ ಗಂಡಿನ ಮೈಯ ಉದ್ದಕ್ಕೂ ಒಂದು ತೋಡು ಇದ್ದು, ಹೆಣ್ಣು ಅದರೊಳಗೇ ಸೇರಿಕೊಂಡಿರುತ್ತದೆ. ಜೋಡಿಯಾಗಿ ಇವು ವಾಸಿಸುವುದು ರಕ್ತನಾಳದ ಒಳಗೆ. ಥಿಯೋಡೋರ್ ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯ 1851ರಲ್ಲಿ ಕೈರೋದಲ್ಲಿ, ಇದೇ ಕುಲದ್ದಾದರೂ ಮನುಷ್ಯರ ರಕ್ತನಾಳದಲ್ಲೇ ಬೆಳೆಯುವ ಬೇರೆ ಜಾತಿಯೊಂದನ್ನು ಮೊದಲು ಕಂಡ. ಆತನ ಹೆಸರೇ ಹಕ್ಕಿಗಳ ಹುಳುವಿಗೂ ಅಂಟಿಕೊಂಡು ಅದು ಟ್ರೈಕೋಬಿಲ್ಹಾರ್ಜಿಯಾ ಆಯಿತು.

ಇದರ ಚಕ್ರವನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಬಾತಿನ ಕರುಳಿನ ಸುತ್ತಲಿನ ರಕ್ತನಾಳದಲ್ಲಿ ಹೆಣ್ಣುಹುಳು ಮೊಟ್ಟೆ ಇಡುತ್ತದೆ. ಮೊಟ್ಟೆ ಕರುಳಿನ ಗೋಡೆ ದಾಟಿ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಸಿಹಿನೀರು ತಾಗಿದ ಕೂಡಲೇ ಮೊಟ್ಟೆ ಒಡೆದು, ಮೈತುಂಬ ರೋಮವಿರುವ ಒಂದು ಈಜುಮರಿ ಹೊರಬರುತ್ತದೆ. ಅದಕ್ಕೆ ಬಾಯಿಲ್ಲ, ಊಟವಿಲ್ಲ, ಹೆಚ್ಚೆಂದರೆ ಒಂದು ದಿನದ ಆಯುಸ್ಸು. ಅಷ್ಟರೊಳಗೆ ತನಗೆ ಒಗ್ಗುವ ಬಸವನಹುಳು ಸಿಗದಿದ್ದರೆ ಸಾಯುತ್ತದೆ. ಸಿಕ್ಕರೆ ಅದರ ಮೈಯೊಳಗೆ ಚೀಲದಂತಾಗಿ, ಆ ಚೀಲದಲ್ಲಿ ಮರಿಚೀಲ ಹುಟ್ಟಿ, ಮರಿಚೀಲಗಳಲ್ಲಿ ಕವಲುಬಾಲದ ಮರಿಗಳು ತಯಾರಾಗುತ್ತವೆ. ಇದಕ್ಕೆ ಸುಮಾರು ನಾಲ್ಕಾರು ವಾರ ಹಿಡಿಯುತ್ತದೆ. ನೀರು ಬೆಚ್ಚಗಿದ್ದಷ್ಟು ಬೇಗ. ಒಂದು ಮೊಟ್ಟೆಯಿಂದ ಬಂದ ಒಂದೇ ಮರಿಯ ಫಲವಾಗಿ ಒಂದು ಬಸವನಹುಳು ದಿನಕ್ಕೆ ಸಾವಿರಾರು ಕವಲುಬಾಲದ ಮರಿಗಳನ್ನು ಹೊರಬಿಡಬಲ್ಲದು. ಹೀಗೆ ಬಿಡುತ್ತ ಅದು ತಾನೇ ಮೊಟ್ಟೆ ಇಡುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.

ಕವಲುಬಾಲದ ಮರಿಗೆ ಸರ್ಕೇರಿಯಾ ಎನ್ನುತ್ತಾರೆ. ಬಾಲ ಸೇರಿ ಒಂದು ಮಿಲಿಮೀಟರಿಗಿಂತ ಕಡಿಮೆ ಉದ್ದ. ಅದಕ್ಕೂ ಉಣ್ಣಲು ಬರುವುದಿಲ್ಲ. ಒಂದೆರಡು ದಿನದೊಳಗೆ ಮೈಯೊಂದನ್ನು ಹೊಕ್ಕರೆ ಹೊಕ್ಕಿತು, ಇಲ್ಲವಾದರೆ ಸತ್ತಿತು. ಬೆಳಗಿನ ಬೆಳಕು ಬಿದ್ದ ಮೇಲೆ ಇವು ಹೆಚ್ಚಾಗಿ ಹೊರಬರುತ್ತವೆ. ಹಕ್ಕಿಯ ಜಾತಿಯವು ನೀರಿನ ಮೇಲ್ಪದರಕ್ಕೆ ಅಂಟಿ ತೂಗುತ್ತವೆ, ನೆರಳು ಹಾಯ್ದರೆ ಚುರುಕಾಗುತ್ತವೆ. ಬಾತು ತೇಲುವುದು ಅಲ್ಲೇ, ಅದರ ಪಾದದ ನೆರಳು ಬೀಳುವುದು ಅಲ್ಲೇ. ಚರ್ಮದ ಜಿಡ್ಡಿನಲ್ಲಿರುವ ಕೆಲವು ಕೊಬ್ಬಿನಂಶಗಳ ಸುಳಿವು ಸಿಕ್ಕ ಕೂಡಲೇ ಬಾಲ ಕಳಚಿ ಒಳಗೆ ಕೊರೆಯುತ್ತವೆ. ಮನುಷ್ಯರ ಚರ್ಮದಲ್ಲೂ ಅದೇ ಬಗೆಯ ಕೊಬ್ಬಿನಂಶ ಇರುವುದರಿಂದ ಮರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಯುರೋಪಿನ ಒಂದು ಜಾತಿಯ ಮೇಲೆ ಮಾಡಿದ ಪ್ರಯೋಗದಲ್ಲಿ ಮನುಷ್ಯರ ಚರ್ಮದೊಳಗೆ ಪೂರ್ತಿ ಇಳಿಯಲು ಸರಾಸರಿ ನಾಲ್ಕು ನಿಮಿಷ ಸಾಕಾಗಿತ್ತು. ಈ ನಾಲ್ಕು ನಿಮಿಷವನ್ನು ನೆನಪಿಡಿ, ಮುಂದೆ ಟುವಾಲಿನ ಮಾತು ಬಂದಾಗ ಬೇಕಾಗುತ್ತದೆ.

ಒಳಹೊಕ್ಕ ಮೇಲೆ ಮರಿಗೆ ತಾನು ಬಂದದ್ದು ತಪ್ಪು ಮನೆಗೆ ಎಂದಾಗುತ್ತದೆ. ನಮ್ಮ ಮೈಯಲ್ಲಿ ಅದು ಬೆಳೆದು ದೊಡ್ಡದಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಹೆಚ್ಚಿನವು ಚರ್ಮದಲ್ಲೇ ಸಾಯುತ್ತವೆ. ಪ್ರಯೋಗಾಲಯದ ಇಲಿಗಳಲ್ಲಿ ಕೆಲವು ಶ್ವಾಸಕೋಶದವರೆಗೆ ಹೋದದ್ದು ಕಂಡಿದೆ. ಬಾತಿನ ಮೂಗಿನಲ್ಲಿ ವಾಸಿಸುವ ಒಂದು ಯುರೋಪಿಯನ್ ಜಾತಿಯಂತೂ ನರಗಳ ಗುಂಟ ಸಾಗಿ ಇಲಿಯ ಬೆನ್ನುಹುರಿಯವರೆಗೂ ಮುಟ್ಟುತ್ತದೆ. ಮನುಷ್ಯರಲ್ಲಿ ಕಾಣುವುದು ಮಾತ್ರ ಚರ್ಮದ ಕಡಿತವೇ. ಅಂದರೆ ಆ ಬೊಕ್ಕೆಗಳು ಹುಳು ಕಚ್ಚಿ ಆದ ಗಾಯವಲ್ಲ. ಸಾಯುತ್ತಿರುವ ಮರಿಯ ಮೇಲೆ ನಮ್ಮ ಮೈಯ ರೋಗನಿರೋಧಕ ಶಕ್ತಿ ಮುಗಿಬಿದ್ದ ಗುರುತು. ಕೆರೆಯಲ್ಲಿ ಈಜಿದವರಿಗೆ ಬರುವ ಕಡಿತಕ್ಕೆ ಈ ಮರಿಗಳೇ ಕಾರಣ ಎಂದು 1928ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಡಗ್ಲಾಸ್ ಸರೋವರದಲ್ಲಿ ಡಬ್ಲ್ಯೂ. ಡಬ್ಲ್ಯೂ. ಕಾರ್ಟ್ ತೋರಿಸಿಕೊಟ್ಟರು. ಅಲ್ಲಿಯವರು ಅದನ್ನು ಈಜುಗಾರರ ತುರಿಕೆ ಎನ್ನುತ್ತಾರೆ. ನಮ್ಮಲ್ಲಿ ಅದು ಈಜುಗಾರರಿಗಿಂತ ಹೆಚ್ಚಾಗಿ ಕಸ ತೆಗೆಯುವ ಹೆಣ್ಣುಮಕ್ಕಳ ತುರಿಕೆ. ನಮ್ಮ ದವಾಖಾನೆಗಳಲ್ಲಿ ಅದಕ್ಕೊಂದು ಹೆಸರು ಸಿಗದಿರುವುದಕ್ಕೆ ಇದೂ ಒಂದು ಕಾರಣ ಎಂಬುದು ನಮ್ಮ ಎಣಿಕೆ. ಹಾಜರಿ ಕೂಲಿ ಬಿಟ್ಟು ಕಾಲಿನ ಬೊಕ್ಕೆ ತೋರಿಸಲು ಯಾರೂ ಹೋಗುವುದಿಲ್ಲ.

ಹಕ್ಕಿಯ ಹುಳುಗಳ ಬಗ್ಗೆ ಓದಿದವರು ಕೂಡಲೇ ಮಾಗಡಿ ಕೆರೆಯತ್ತ ಬೆರಳು ತೋರಿಸುತ್ತಾರೆ. ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ, ಜಗತ್ತಿನ ಮುಖ್ಯ ಜೌಗುಪ್ರದೇಶಗಳಿಗೆ ಸಿಗುವ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. ಆದರೆ ಬಾತು ಕಂಡಲ್ಲೆಲ್ಲ ಕಡಿತ ಬರಬೇಕೆಂದಿಲ್ಲ. ಚಕ್ರ ತಿರುಗಬೇಕಾದರೆ ಹುಳುವಿರುವ ಹಕ್ಕಿ, ಅದಕ್ಕೆ ಒಗ್ಗುವ ಬಸವನಹುಳು, ಬೆಚ್ಚಗಿನ ಆಳವಿಲ್ಲದ ಕಳೆತುಂಬಿದ ಅಂಚು, ಅದೇ ಅಂಚಿನಲ್ಲಿ ನಮ್ಮ ಕಾಲು, ನಾಲ್ಕೂ ಒಂದೇ ಕಡೆ ಕೂಡಬೇಕು. ವಲಸೆ ಹಕ್ಕಿಗಳು ಬರುವ ಹೊತ್ತಿಗೆ ಮಳೆಗಾಲದ ಭತ್ತದ ಕೆಲಸ ಬಹುಪಾಲು ಮುಗಿದಿರುತ್ತದೆ. ಜುಲೈ, ಆಗಸ್ಟಿನ ಗದ್ದೆಯ ಕಡಿತವನ್ನು ಹೆಬ್ಬಾತಿನ ತಲೆಗೆ ಕಟ್ಟುವುದು ಅನ್ಯಾಯ. ಹಕ್ಕಿ ಓಡಿಸಿದರೆ ಕಡಿತ ನಿಲ್ಲುತ್ತದೆ ಎಂದು ಯಾರಾದರೂ ಪಟಾಕಿ ಹಚ್ಚಲು ಹೊರಟರೆ ದಯವಿಟ್ಟು ತಡೆಯಿರಿ.

ನಮ್ಮ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ದನದ ಕೊಟ್ಟಿಗೆಯನ್ನು. ಭಾರತದ ದನ ಎಮ್ಮೆಗಳಲ್ಲಿ ಇದೇ ಕುಲದ ಹುಳುಗಳು ಹಲವಿವೆ. ಕರುಳಿನ ಸುತ್ತಲಿನ ರಕ್ತನಾಳದಲ್ಲಿರುವುದು ಶಿಸ್ಟೋಸೋಮಾ ಸ್ಪಿಂಡೇಲ್. ಅದರ ಮೊಟ್ಟೆ ನೂಲಿನ ಕದಿರಿನಂತೆ ಉದ್ದಕ್ಕೆ ಚೂಪಾಗಿರುವುದರಿಂದ ಆ ಹೆಸರು. ಮೂಗಿನ ಒಳಪದರದ ರಕ್ತನಾಳದಲ್ಲಿರುವುದು ಶಿಸ್ಟೋಸೋಮಾ ನೇಸೇಲ್. ಅದರ ಮೊಟ್ಟೆ ಕುಡಗೋಲಿನಂತೆ ಬಾಗಿರುತ್ತದೆ. 1933ರಲ್ಲಿ ಅದಕ್ಕೆ ಹೆಸರಿಟ್ಟವರು ನಮ್ಮ ದಕ್ಷಿಣ ಭಾರತದವರೇ ಆದ ರಾವ್. ಈ ಎರಡೂ ಜಾತಿಗಳ ಮರಿಗಳು ಮನುಷ್ಯರ ಚರ್ಮ ಹೊಕ್ಕು ಹಕ್ಕಿಯ ಹುಳುವಿನಂತೆಯೇ ಕಡಿತ ತರುತ್ತವೆ. ಎರಡಕ್ಕೂ ಬೇಕಾದ ಬಸವನಹುಳು ಒಂದೇ, ಇಂಡೋಪ್ಲಾನಾರ್ಬಿಸ್.

ಮೂಗಿನ ಹುಳು ಬಂದ ಎತ್ತು ಗೊರಕೆ ಹೊಡೆಯುತ್ತದೆ. ಉಸಿರಾಡುವಾಗ ದೂರಕ್ಕೇ ಕೇಳುತ್ತದೆ, ಮೂಗಿನಿಂದ ಲೋಳೆ, ಕೆಲವೊಮ್ಮೆ ರಕ್ತ ಬೆರೆತ ಲೋಳೆ ಸುರಿಯುತ್ತದೆ, ಒಳಗೆ ಹೂಕೋಸಿನಂಥ ಗಡ್ಡೆ ಬೆಳೆಯುತ್ತದೆ. ಎಮ್ಮೆಗಳಲ್ಲಿ ಲಕ್ಷಣ ಅಷ್ಟು ಜೋರಾಗಿ ಕಾಣುವುದಿಲ್ಲ. ಅದಕ್ಕೇ ಎಮ್ಮೆಯನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಅದು ಹೊಂಡದಲ್ಲಿ ಮಲಗಿ ಮೂಗು ಸೀದುತ್ತಿದ್ದರೆ ಮೊಟ್ಟೆಗಳು ನೇರ ನೀರಿಗೇ ಬೀಳುತ್ತವೆ. ಊರಲ್ಲಿ ಗೊರಕೆಯ ಎತ್ತು ಇದ್ದು, ಅದೇ ಊರ ಗದ್ದೆಯಲ್ಲಿ ಕಾಲು ಕಡಿಯುತ್ತಿದ್ದರೆ ಎರಡಕ್ಕೂ ಒಂದೇ ಹೊಂಡ ಕಾರಣವಿರಬಹುದು. ಪಶು ಆಸ್ಪತ್ರೆಯಲ್ಲಿ ಮೂಗಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡಗೋಲಿನಂಥ ಮೊಟ್ಟೆ ಗುರುತು ಹತ್ತುತ್ತದೆ. ಇದಕ್ಕೆ ಆಂಟಿಮನಿ ಬೆರೆತ ಆಂಥಿಯೋಮಲೈನ್ ಚುಚ್ಚುಮದ್ದು ಹಳೆಯದು, ಪ್ರಾಜಿಕ್ವಾಂಟೆಲ್ ಈಚಿನದು. ಆಂಟಿಮನಿ ವಿಷದ ಲೋಹ, ಅಳತೆ ತಪ್ಪಿದರೆ ದನಕ್ಕೇ ಅಪಾಯ. ಆದ್ದರಿಂದ ಅದನ್ನು ಪಶುವೈದ್ಯರ ಕೈಯಿಂದಲೇ ಕೊಡಿಸಬೇಕು, ಹೇಳಿದಷ್ಟು ವಾರ ತಪ್ಪದೆ ಕೊಡಿಸಬೇಕು. ಗೊರಕೆ ಸ್ವಲ್ಪ ಇಳಿಯಿತೆಂದು ನಡುವೆ ಬಿಟ್ಟರೆ ಉಳಿದ ಹುಳುಗಳು ಮತ್ತೆ ಮೊಟ್ಟೆ ಇಡುತ್ತವೆ.

ಈಗ ಚರ್ಮದ ಮಾತು. ನೀರಿನಲ್ಲಿದ್ದಾಗಲೋ ಹೊರಬಂದ ಕೆಲವೇ ನಿಮಿಷಗಳಲ್ಲೋ ಚುರುಚುರು ಎನ್ನುತ್ತದೆ, ಸಣ್ಣ ಕೆಂಪು ಚುಕ್ಕೆ ಏಳುತ್ತವೆ. ಗಂಟೆಯೊಳಗೆ ಅದು ತಗ್ಗುವುದರಿಂದ “ಹ್ವಾತ ಬಿಡು” ಅನಿಸುತ್ತದೆ. ನಿಜವಾದ ಕಡಿತ ರಾತ್ರಿ ಶುರು. ಸುಮಾರು ಹತ್ತು ಹದಿನೈದು ಗಂಟೆಯ ನಂತರ ಚುಕ್ಕೆಯಿದ್ದಲ್ಲಿ ಗಟ್ಟಿ ಬೊಕ್ಕೆ ಏಳುತ್ತದೆ, ಕೆಲವದರಲ್ಲಿ ನೀರು ತುಂಬುತ್ತದೆ. ಎರಡು ಮೂರನೇ ದಿನ ಏರುತ್ತದೆ, ಒಂದು ವಾರದಿಂದ ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಮೊದಲ ಸಲ ಇಳಿದವರಿಗೆ ಏನೂ ಆಗದೆಯೂ ಇರಬಹುದು. ಮೈಗೆ ಪರಿಚಯವಾದಷ್ಟು ಜೋರು. ಹತ್ತು ವರ್ಷ ಗದ್ದೆ ಕೆಲಸ ಮಾಡಿದ ಅವ್ವನ ಕಾಲು ಬೊಕ್ಕೆಯಾಗಿ, ಮೊನ್ನೆ ಬಂದ ಸೊಸೆಯ ಕಾಲಿಗೆ ಏನೂ ಆಗದಿದ್ದಾಗ “ಅಕೀದು ತಂಪ ಮೈ” ಎನ್ನುವುದುಂಟು. ಮೈಯ ತಂಪಿಗೂ ಉಷ್ಣಕ್ಕೂ ಇದರಲ್ಲಿ ಸಂಬಂಧವಿಲ್ಲ. ಸೊಸೆಯ ಮೈ ಆ ಹುಳುವನ್ನು ಇನ್ನೂ ಗುರುತು ಹಿಡಿದಿರುವುದಿಲ್ಲ, ಅಷ್ಟೇ.

ಬೇರೆ ಕಡಿತಗಳಿಂದ ಇದನ್ನು ಬೇರ್ಪಡಿಸುವುದು ಬಹಳ ಕಷ್ಟವಲ್ಲ. ಬೊಕ್ಕೆಗಳು ನೀರು ಮುಟ್ಟಿದಷ್ಟು ಎತ್ತರಕ್ಕೆ ಮಾತ್ರ ಇರುತ್ತವೆ, ಮೇಲೆ ಗೆರೆ ಕೊರೆದಂತೆ ನಿಲ್ಲುತ್ತವೆ. ಕಸ ಕಿತ್ತವರಿಗೆ ಮುಂಗೈಯಲ್ಲೂ ಏಳುತ್ತವೆ. ಬೊಕ್ಕೆ ಒಂದೊಂದೇ ಬಿಡಿಬಿಡಿಯಾಗಿರುತ್ತದೆ, ಯಾಕೆಂದರೆ ಒಂದು ಬೊಕ್ಕೆಗೆ ಒಂದು ಮರಿ. ಗೊಬ್ಬರದಿಂದಾದ ಉರಿಯಲ್ಲಿ ಹೀಗೆ ಬಿಡಿ ಬೊಕ್ಕೆ ಇರದೆ ಚರ್ಮ ಹಾಸಿದಂತೆ ಕೆಂಪಾಗುತ್ತದೆ, ಗೊಬ್ಬರ ಎರಚಿದ ದಿನಕ್ಕೆ ಹೊಂದಿಕೊಂಡು ಬರುತ್ತದೆ. ಕಜ್ಜಿಯಾದರೆ ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಕಾಣುತ್ತದೆ, ರಾತ್ರಿ ಹೆಚ್ಚು, ಗದ್ದೆಗೆ ಇಳಿಯದ ಮಕ್ಕಳಿಗೂ ಹತ್ತುತ್ತದೆ. ನೀರಿನ ಕಡಿತ ಒಬ್ಬರಿಂದ ಒಬ್ಬರಿಗೆ ಎಂದಿಗೂ ಹತ್ತುವುದಿಲ್ಲ. ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿದು ವಾಸನೆ ಬಂದರೆ ಅದು ಬೂಷ್ಟಿನ ಕೆಲಸ. ಉಂಗುರದಂತೆ ಅಂಚು ಕೆಂಪಾಗಿ ಹರಡಿದರೆ ಗಜಕರ್ಣ. ಜಿಗಣೆ ಕಚ್ಚಿದ್ದಾದರೆ ರಕ್ತವೇ ಹೇಳುತ್ತದೆ.

ಔಷಧಿ ಅಂಗಡಿಯಲ್ಲಿ “ಕಡಿತದ ಮುಲಾಮು ಕೊಡ್ರಿ” ಎಂದರೆ ಸಿಗುವ ಟ್ಯೂಬಿನಲ್ಲಿ ಬಹಳ ಸಲ ಬಲವಾದ ಸ್ಟೆರಾಯ್ಡ್, ಬೂಷ್ಟಿನ ಮದ್ದು, ಆಂಟಿಬಯೋಟಿಕ್ ಮೂರೂ ಕಲೆಸಿರುತ್ತವೆ. ಅದನ್ನು ಹಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಕಡಿತ ಎರಡು ದಿನ ತಗ್ಗಿದಂತಾಗುತ್ತದೆ, ಜನ ತಿಂಗಳುಗಟ್ಟಲೆ ಹಚ್ಚುತ್ತಾರೆ. ಕೊನೆಗೆ ಚರ್ಮ ತೆಳುವಾಗಿ, ಜೊತೆಗಿದ್ದ ಗಜಕರ್ಣ ಗುರುತೇ ಸಿಗದಂತೆ ಮೈತುಂಬ ಹರಡುತ್ತದೆ. ನೀರಿನ ಕಡಿತಕ್ಕೆ ಬೇಕಾದದ್ದು ಇಷ್ಟು ಸಾದಾ: ತಣ್ಣೀರಲ್ಲಿ ಅದ್ದಿದ ಬಟ್ಟೆ, ದಿನಕ್ಕೆ ಮೂರ್ನಾಲ್ಕು ಸಲ ಕ್ಯಾಲಮೈನ್ ಲೋಷನ್, ಅಡಿಗೆ ಸೋಡಾವನ್ನು ನೀರಲ್ಲಿ ಕಲಸಿದ ಲೇಪ. ನಿದ್ದೆ ಕೆಡುತ್ತಿದ್ದರೆ ದೊಡ್ಡವರು ರಾತ್ರಿ ಒಂದು 10 ಮಿಲಿಗ್ರಾಂ ಸೆಟಿರಿಜಿನ್ ತೆಗೆದುಕೊಳ್ಳಬಹುದು. ಬಸುರಿಯರು, ಮೊಲೆಯೂಡಿಸುವವರು, ಮೂತ್ರಪಿಂಡದ ತೊಂದರೆ ಇದ್ದವರು ಮತ್ತು ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು. ಬೊಕ್ಕೆ ತೀರ ಜೋರಾದರೆ 1 ಶೇಕಡಾ ಹೈಡ್ರೋಕಾರ್ಟಿಸೋನ್ ಮುಲಾಮನ್ನು ನಾಲ್ಕೈದು ದಿನ ಹಚ್ಚಿ ನಿಲ್ಲಿಸುವುದು. ಹುಳು ಆಗಲೇ ಸತ್ತಿರುವುದರಿಂದ ಹುಳುವಿನ ಗುಳಿಗೆ ಬೇಡ, ಕಜ್ಜಿಯ ಲೋಷನ್ ಬೇಡ. ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ ಹತ್ತಿರವೂ ಬೇಡ. ಉಗುರು ಕತ್ತರಿಸಿಕೊಳ್ಳಿ. ಕೆರೆದ ಗಾಯಕ್ಕೆ ಕೆಸರು ತಾಗಿ ಕೀವಾಗುವುದೇ ಇದರಲ್ಲಿ ನಿಜವಾದ ಅಪಾಯ. ಕೀವು, ಜ್ವರ, ಕಾಲು ಬಾತು ಬಿಸಿಯಾಗುವುದು, ತೊಡೆಸಂದಿಯಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ದವಾಖಾನೆ. ಸಕ್ಕರೆ ಕಾಯಿಲೆಯವರು ಅಷ್ಟೂ ಕಾಯಬಾರದು.

ನಿಮ್ಮ ಹೊಂಡದಲ್ಲಿ ಹುಳು ಇದೆಯೋ ಇಲ್ಲವೋ ನೋಡಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಶಾಲೆಯ ವಿಜ್ಞಾನ ಮೇಷ್ಟ್ರು ಮಾಡಬಹುದಾದಷ್ಟೇ ಕೆಲಸ. ಮೊದಲು ಬಸವನಹುಳು ಗುರುತಿಸಬೇಕು. ಇಂಡೋಪ್ಲಾನಾರ್ಬಿಸ್ ಚಿಪ್ಪು ಸುತ್ತಿಟ್ಟ ಹಗ್ಗದ ಸಿಂಬಿಯಂತೆ ಚಪ್ಪಟೆ, ದೊಡ್ಡದಾದರೆ ಎರಡು ಸೆಂಟಿಮೀಟರ್ ಅಗಲ, ಅದನ್ನು ಒಡೆದರೆ ಕೆಂಪು ರಕ್ತ ಬರುತ್ತದೆ. ಹಕ್ಕಿಯ ಹುಳುವಿಗೆ ಹೆಚ್ಚಾಗಿ ಬೇಕಾದ ಲಿಮ್ನಿಯಾ ಜಾತಿಯದು ತೆಳು ಚಿಪ್ಪಿನದು, ತುದಿ ಚೂಪು, ಬಾಯಿ ಅಗಲ, ಬಲಕ್ಕೆ ತೆರೆದದ್ದು. ಇವೆರಡಕ್ಕೂ ಬಾಯಿಗೆ ಮುಚ್ಚಳವಿಲ್ಲ. ನಿಂಬೆಹಣ್ಣಿನಷ್ಟು ದೊಡ್ಡ, ಗಟ್ಟಿ ಮುಚ್ಚಳದ ಗುಂಡು ಬಸವನಹುಳು ಪೈಲಾ. ಬಾಯ್ಕಳಕ ಕೊಕ್ಕರೆಯ ಇಷ್ಟದ ಊಟ ಅದೇ. ಈ ಕಡಿತದಲ್ಲಿ ಅದರ ಕೈವಾಡವಿಲ್ಲ, ಅದನ್ನು ಅದರ ಪಾಡಿಗೆ ಬಿಡಿ.

ಮಣಕಾಲವರೆಗಿನ ಬೂಟು, ರಬ್ಬರ್ ಕೈಗವಸು ಹಾಕಿ, ಚಹಾ ಸೋಸುವ ಜಾಲರಿಯನ್ನು ಕೋಲಿಗೆ ಕಟ್ಟಿ, ಕಳೆಯ ಅಂಚಿನಿಂದ ಬಸವನಹುಳು ಹಿಡಿಯಬೇಕು. ಹತ್ತಿಪ್ಪತ್ತು ಸಾಲದು. ಹುಳು ಹೊತ್ತ ಬಸವನಹುಳುಗಳು ಸಾಮಾನ್ಯವಾಗಿ ನೂರಕ್ಕೆ ಕೆಲವೇ ಇರುತ್ತವೆ, ಹಾಗಾಗಿ ಕಡಿಮೆಯೆಂದರೂ ನೂರು ಬೇಕು. ರಾತ್ರಿ ಕತ್ತಲಲ್ಲಿಟ್ಟು, ಬೆಳಗ್ಗೆ ಒಂದೊಂದನ್ನೂ ಒಂದೊಂದು ಗಾಜಿನ ಲೋಟದಲ್ಲಿ ಎರಡು ಮೂರು ಚಮಚ ಬಾವಿ ನೀರಿನಲ್ಲಿ ಬಿಡಿ. ನಳದ ನೀರಾದರೆ ಒಂದು ದಿನ ತೆರೆದಿಟ್ಟದ್ದೇ ಆಗಬೇಕು, ಕ್ಲೋರಿನ್ ಇದ್ದರೆ ಮರಿಗಳು ಸಾಯುತ್ತವೆ. ಕಿಟಕಿಯ ಬೆಳಕಿನಲ್ಲಿ ಒಂದೆರಡು ಗಂಟೆ ಇಟ್ಟು, ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಬಿಸಿಲಿಗೇ ಇಟ್ಟರೆ ನೀರು ಕಾದು ಎಲ್ಲ ಸತ್ತುಹೋಗುತ್ತವೆ, ಈ ತಪ್ಪು ಬಹಳ ಸಾಮಾನ್ಯ. ಬಿಳಿ ಧೂಳಿನಂತೆ ಕುಣಿಯುವ ಕಣಗಳು ಕಂಡರೆ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಬಾಲ ಕವಲಾಗಿಲ್ಲದಿದ್ದರೆ ಅದು ಬೇರೆ ಹುಳು. ಕವಲಾಗಿದ್ದರೂ ದುಡುಕಬಾರದು, ಹಕ್ಕಿಗಳ ಬೇರೆ ಕೆಲವು ನಿರುಪದ್ರವಿ ಹುಳುಗಳ ಮರಿಗೂ ಕವಲುಬಾಲ ಇರುತ್ತದೆ. ಅವಕ್ಕೆ ಬಾಯಿಯ ಹಿಂದೆ ಗುಂಡಗಿನ ಗಂಟಲಗಂಟು ಕಾಣುತ್ತದೆ, ಶಿಸ್ಟೋಸೋಮಿನ ಮರಿಗೆ ಅದು ಇರುವುದಿಲ್ಲ, ಕವಲುಗಳೂ ಗಿಡ್ಡ. ಎರಡು ಕಪ್ಪು ಕಣ್ಣುಚುಕ್ಕೆ ಇದ್ದರೆ ಹಕ್ಕಿಯದು, ಇಲ್ಲದಿದ್ದರೆ ದನದ್ದು. ಕೈಗೆ ಹನಿ ಸಿಡಿದರೆ ಕೂಡಲೇ ಒರೆಸಿ ಸ್ಪಿರಿಟ್ ಹಚ್ಚಿ. ಕೆಲಸ ಮುಗಿದ ಮೇಲೆ ಲೋಟಗಳಿಗೆಲ್ಲ ಕುದಿಯುವ ನೀರು.

ತಡೆಯುವ ಉಪಾಯಗಳಲ್ಲಿ ಜನ ಮೊದಲು ಹಿಡಿಯುವುದು ಮೈಲುತುತ್ತ. ಅದು ಬಸವನಹುಳುವನ್ನು ಕೊಲ್ಲುತ್ತದೆ, ಮೀನನ್ನೂ ಕೊಲ್ಲುತ್ತದೆ, ತಾಮ್ರ ಮಣ್ಣಿನಲ್ಲೇ ಕೂರುತ್ತದೆ. ಅಂಚಿನಿಂದ ಹೊಸ ಬಸವನಹುಳುಗಳು ಮತ್ತೆ ಬಂದು ತುಂಬಿಕೊಳ್ಳುತ್ತವೆ. ಊರ ಕೆರೆಗೆ ಅದನ್ನು ಸುರಿಯುವ ಹಕ್ಕು ಯಾರಿಗೂ ಇಲ್ಲ. ಬಾತುಕೋಳಿ ಬಿಟ್ಟರೆ ಬಸವನಹುಳು ತಿನ್ನುತ್ತವೆ ಎನ್ನುವುದು ಅರ್ಧ ಸತ್ಯ. ತಿನ್ನುತ್ತವೆ, ಆದರೆ ಹಕ್ಕಿಯ ಹುಳುವಿಗೆ ತಾವೇ ಮನೆಯೂ ಆಗುತ್ತವೆ. ಗದ್ದೆ ಒಣಗಿಸಿದರೆ ಒಳ್ಳೆಯದೇ, ಆದರೆ ಇಂಡೋಪ್ಲಾನಾರ್ಬಿಸ್ ಕೆಸರಿನೊಳಗೆ ಹೂತು ಮುಂದಿನ ನೀರಿನವರೆಗೆ ಜೀವ ಹಿಡಿದಿರಬಲ್ಲದು. ನಮ್ಮಲ್ಲಿಯ ಹಳೆಯ ಕೂರಿಗೆ ಬಿತ್ತನೆಯಲ್ಲಿ ಗದ್ದೆಗೆ ನೀರು ನಿಲ್ಲುವುದೇ ತಡವಾಗಿ, ನಾಟಿ ಗದ್ದೆಯಷ್ಟು ದಿನ ಕಾಲು ನೀರಿನಲ್ಲಿರುವುದಿಲ್ಲ. ಇದೂ ಲೆಕ್ಕಕ್ಕೆ ಬರಬೇಕಾದ ಮಾತು.

ಖರ್ಚಿಲ್ಲದೆ ಚಕ್ರ ಮುರಿಯುವ ಜಾಗ ಹೆಂಡಿ. ಹಸಿ ಹೆಂಡಿ, ಕೊಟ್ಟಿಗೆ ತೊಳೆದ ನೀರು ನೇರ ಕಾಲುವೆಗೋ ಹೊಂಡಕ್ಕೋ ಹರಿಯದಂತೆ ತಿರುಗಿಸಿ ತಿಪ್ಪೆಗೆ ಹಾಕಬೇಕು. ಕೊಳೆತು ಬಿಸಿಯಾದ ತಿಪ್ಪೆಯಲ್ಲಿ ಈ ಮೊಟ್ಟೆ ಉಳಿಯುವುದಿಲ್ಲ. ದನಗಳಿಗೆ ತೊಟ್ಟಿಯಲ್ಲಿ ನೀರು ಕುಡಿಸಿ. ಗೊರಕೆಯ ದನವನ್ನಂತೂ ಔಷಧಿ ಮುಗಿಯುವವರೆಗೆ ಹೊಂಡಕ್ಕೆ ಇಳಿಸಲೇಬಾರದು. ಕಾಲುವೆಯ ಅಂಚಿನ ಕಳೆ, ಅಂತರಗಂಗೆಯನ್ನು ಎಳೆದು ದಡದಿಂದ ದೂರ ಒಣಗಿಸಬೇಕು, ಎಲೆಯ ಅಡಿಯಲ್ಲಿ ಬಸವನಹುಳುವಿನ ಲೋಳೆಮೊಟ್ಟೆಗಳು ಅಂಟಿರುತ್ತವೆ. ದಡದಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅವು ವಾಪಸು ನೀರಿಗೇ.

ಕಸ ತೆಗೆಯುವವರಿಗೆ ಬೂಟು ಭಾರ, ಕೆಸರಲ್ಲಿ ಹೂತುಕೊಳ್ಳುತ್ತದೆ ಎಂಬುದು ಗೊತ್ತು. ಒತ್ತಾಗಿ ನೇಯ್ದ, ಮೈಗೆ ಅಂಟಿ ಕೂರುವ ಉದ್ದ ಕಾಲುಚೀಲ ಅದಕ್ಕಿಂತ ನಡೆಯುತ್ತದೆ. ಸಡಿಲ ಬಟ್ಟೆ ಉಪಯೋಗವಿಲ್ಲ, ಮರಿಗಳು ಬಟ್ಟೆಗೂ ಚರ್ಮಕ್ಕೂ ನಡುವೆ ಸಿಕ್ಕಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತವೆ. ಎಣ್ಣೆ ಬಳಿದುಕೊಳ್ಳುವುದು ಸ್ವಲ್ಪ ತಡೆ, ಪೂರ್ತಿ ಅಲ್ಲ. ಟುವಾಲಿನ ಮಾತೂ ಹಾಗೆಯೇ: ದಡ ಹತ್ತಿದ ಕೂಡಲೇ ಒರಟು ಬಟ್ಟೆಯಿಂದ ಕಾಲು ಉಜ್ಜಿ ಒರೆಸಿದರೆ ಚರ್ಮದ ಮೇಲಿನ ಹನಿಯಲ್ಲಿ ಉಳಿದ ಮರಿಗಳು ಹೋಗುತ್ತವೆ. ಬಿಸಿಲಿಗೆ ಆರಲಿ ಎಂದು ಬದುವಿನ ಮೇಲೆ ಕೂತರೆ ಆ ನಾಲ್ಕು ನಿಮಿಷ ಅವಕ್ಕೆ ಸಿಕ್ಕಂತೆ. ಆದರೆ ನೀರಿನಲ್ಲೇ ಎರಡು ಗಂಟೆ ನಿಂತವರಿಗೆ ಟುವಾಲು ಏನೂ ಮಾಡಲಾರದು. ಅದಕ್ಕೇ ದನ ಇಳಿಯುವ ತಗ್ಗಿನ ಮೂಲೆಯನ್ನು ಕೊನೆಗೆ, ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಂಡು, ಹರಿಯುವ ನೀರಿನ ಕಡೆಯಿಂದ ಕೆಲಸ ಶುರು ಮಾಡುವುದು ಒಳ್ಳೆಯದು.

ಕೆರೆಯ ನೀರನ್ನೇ ಸ್ನಾನಕ್ಕೋ ಬಟ್ಟೆಗೋ ತರುವ ಮನೆಗಳಲ್ಲಿ ಎರಡು ಡ್ರಮ್ಮು ಇಟ್ಟುಕೊಳ್ಳಿ. ತುಂಬುವಾಗ ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿದರೆ ಬಸವನಹುಳು ಒಳಗೆ ಬರುವುದಿಲ್ಲ. ಮುಚ್ಚಿಟ್ಟು ಎರಡು ಪೂರ್ತಿ ದಿನ ಬಿಟ್ಟರೆ ಒಳಗಿದ್ದ ಮರಿಗಳೆಲ್ಲ ಸತ್ತಿರುತ್ತವೆ. ಒಂದರಲ್ಲಿ ನೀರು ಕೂತಿದ್ದಾಗ ಇನ್ನೊಂದರದ್ದನ್ನು ಬಳಸುವುದು. ಡ್ರಮ್ಮಿನ ಗೋಡೆಗೆ ಚಪ್ಪಟೆ ಚಿಪ್ಪು ಒಂದು ಅಂಟಿದ್ದು ಕಂಡರೂ ಆ ನೀರು ಚೆಲ್ಲಿ, ತಳ ತಿಕ್ಕಿ, ಮತ್ತೆ ಮೊದಲಿನಿಂದ ಎರಡು ದಿನ ಎಣಿಸಬೇಕು.